ಎವಾ ಪೆರೋನಳ ಕಾಯಿಲೆ

ದಕ್ಷಿಣ ಅಮೆರಿಕದ ಅರ್ಜೆಂಟೀನಾ ದೇಶದಲ್ಲಿ, ರಾಜಧಾನಿ ಬ್ಯೂನಸ್ ಐರಿಸ್ ನಗರದ ಪಶ್ಚಿಮಕ್ಕೆ ಹಬ್ಬಿರುವ ಬಯಲಿನಲ್ಲಿ ಲಾಸ್ ಟೋಲ್ದೋಸ್ ಎಂಬ ಸಣ್ಣ ಊರಿದೆ. ೧೯೧೯ನೆಯ ಇಸವಿ ಮೇ ೭ರಂದು ಅಲ್ಲಿ ಹುಟ್ಟಿದ ಎವಾ ಎಂಬ ಹೆಣ್ಣುಮಗಳು ಮುಂದೆ ಆ ದೇಶದ ಅಧ್ಯಕ್ಷನ ಪತ್ನಿಯಾಗಿ, ಬಡವರ ಬಾಯಲ್ಲಿ ಎವಿತಾ ಎಂಬ ಮುದ್ದಿನ ಹೆಸರು ಪಡೆದು, ಮೂವತ್ತಮೂರನೆಯ ವಯಸ್ಸಿಗೇ ತೀರಿಕೊಂಡಳು. ಆಕೆಯ ಉಡುಗೆ ತೊಡುಗೆ, ಒಡವೆ, ಒಲವು, ಹಗೆ ಇವುಗಳ ಮೇಲೆ ರಾಶಿ ರಾಶಿ ಪುಸ್ತಕಗಳು ಬಂದಿವೆ. ಸಂಗೀತ ನಾಟಕವೂ ಚಲನಚಿತ್ರವೂ ಆಗಿವೆ. ನಾನು ಬರೆಯಹೊರಟಿರುವುದು ಅವುಗಳ ವಿಷಯವಲ್ಲ. ಆಕೆಯ ಗರ್ಭಕೋಶವನ್ನು ಏಕೆ ತೆಗೆದರು, ತೆಗೆಯುವ ಮೊದಲು ವೈದ್ಯರು ಕಂಡದ್ದೇನು, ಅದರಲ್ಲಿ ಆಕೆಗೆ ತಿಳಿಸಿದ್ದೆಷ್ಟು ಎಂಬುದು ನನ್ನ ವಿಷಯ. ಕಾಲೇಜಿನ ವಾರ್ಷಿಕ ಸಂಚಿಕೆಗೆ ಇದೆಂಥ ವಿಷಯವೆಂದು ಹುಬ್ಬೇರಿಸುವ ಮಿತ್ರರು ಇರಬಹುದು. ಅವರು ತಮ್ಮ ಮನೆಯ ಹಿರಿಯ ಹೆಂಗಸರನ್ನು ಒಮ್ಮೆ ವಿಚಾರಿಸಿಕೊಂಡು ಬಂದು ಆಮೇಲೆ ಹುಬ್ಬೇರಿಸಲಿ ಎಂದು ವಿನಯದಿಂದ ಕೇಳಿಕೊಳ್ಳುತ್ತೇನೆ.

ಎವಾಳ ತಂದೆ ಹುವಾನ್ ದುವಾರ್ತೆ ಅನುಕೂಲಸ್ಥ. ಆತನಿಗೆ ಬೇರೆ ಊರಿನಲ್ಲಿ ಕೈಹಿಡಿದ ಹೆಂಡತಿಯೂ ಮಕ್ಕಳೂ ಇದ್ದರು. ಎವಾಳ ತಾಯಿ ಹುವಾನಾ ಇಬಾರ್ಗುರೆನ್ ಆತನನ್ನು ಮದುವೆಯಾಗದೆ ಐದು ಮಕ್ಕಳನ್ನು ಹೆತ್ತವಳು, ಎವಾ ಕೊನೆಯವಳು. ೧೯೨೬ರಲ್ಲಿ ತಂದೆ ಅಪಘಾತದಲ್ಲಿ ತೀರಿಕೊಂಡಾಗ ತಾಯಿ ಮಕ್ಕಳನ್ನು ಕಟ್ಟಿಕೊಂಡು ಹೆಣದ ಮುಖ ನೋಡಲು ಹೋದಳು. ಆ ಮನೆಯವರು ಇವರನ್ನು ಒಳಗೆ ಬಿಡಲು ಒಪ್ಪಲಿಲ್ಲ. ಬಹಳ ಬೇಡಿಕೊಂಡ ಮೇಲೆ ಒಂದು ಗಳಿಗೆ ದರ್ಶನಕ್ಕೆ ಅವಕಾಶವಾಯಿತು. ಆರು ವರ್ಷದ ಹುಡುಗಿ ಅಂದು ಕಂಡದ್ದನ್ನು ಸಾಯುವತನಕ ಮರೆಯಲಿಲ್ಲವೆಂದು ಆಕೆಯ ಮುಂದಿನ ನಡೆಯನ್ನು ನೋಡಿದವರು ಒಪ್ಪಬೇಕು. ತಾಯಿ ಹೊಲಿಗೆ ಹೊಲಿದು, ಹೂನಿನ್ ಎಂಬ ಪಟ್ಟಣದಲ್ಲಿ ಊಟದ ಮನೆ ನಡೆಸಿ ಮಕ್ಕಳನ್ನು ಸಾಕಿದಳು. ಹದಿನೈದು ವರ್ಷ ವಯಸ್ಸಿನಲ್ಲಿ, ೧೯೩೫ರ ಆರಂಭದಲ್ಲಿ, ಎವಾ ನಟಿಯಾಗಬೇಕೆಂದು ರಾಜಧಾನಿಗೆ ಬಂದಳು. ಕೆಲವು ವರ್ಷ ಚಿಕ್ಕಪುಟ್ಟ ಪಾತ್ರಗಳು, ಅರೆಹೊಟ್ಟೆ. ಆಮೇಲೆ ರೇಡಿಯೋ ನಾಟಕಗಳಲ್ಲಿ ಹೆಸರಾಯಿತು. ಬಾನುಲಿಯಲ್ಲಿ ಆಕೆ ರಾಣಿಯರ, ವೀರನಾರಿಯರ ಪಾತ್ರಗಳನ್ನು ವಹಿಸುತ್ತಿದ್ದಳು.

೧೯೪೪ರ ಜನವರಿಯಲ್ಲಿ ಸಾನ್ ಹುವಾನ್ ಪಟ್ಟಣದಲ್ಲಿ ದೊಡ್ಡ ಭೂಕಂಪವಾಗಿ ಸಾವಿರಾರು ಜನ ಸತ್ತರು. ಸಂತ್ರಸ್ತರ ನೆರವಿಗಾಗಿ ನಡೆದ ಸಮಾರಂಭದಲ್ಲಿ ಆಕೆ ಕರ್ನಲ್ ಹುವಾನ್ ಪೆರೋನನನ್ನು ಕಂಡಳು. ಆತ ಆಕೆಗಿಂತ ಇಪ್ಪತ್ತನಾಲ್ಕು ವರ್ಷ ಹಿರಿಯ, ವಿಧುರ. ಆತನ ಮೊದಲ ಹೆಂಡತಿ ಔರೇಲಿಯಾ ೧೯೩೮ರಲ್ಲಿ ಗರ್ಭಕೋಶದ ಕ್ಯಾನ್ಸರಿನಿಂದ ಸತ್ತಿದ್ದಳು. ಇದನ್ನು ಓದುಗರು ನೆನಪಿನಲ್ಲಿಡಬೇಕು. ೧೯೪೫ರ ಅಕ್ಟೋಬರಿನಲ್ಲಿ ಪೆರೋನ್ ಸೆರೆಯಾದದ್ದು, ಕಾರ್ಮಿಕರು ಬೀದಿಗಿಳಿದು ಬಿಡಿಸಿಕೊಂಡದ್ದು, ಕೆಲವೇ ದಿನಗಳಲ್ಲಿ ಇವರ ಮದುವೆಯಾದದ್ದು, ಮುಂದಿನ ವರ್ಷ ಆತ ಅಧ್ಯಕ್ಷನಾದದ್ದು ಇವೆಲ್ಲ ಇತಿಹಾಸದ ವಿದ್ಯಾರ್ಥಿಗಳಿಗೆ ತಿಳಿದದ್ದೇ. ಮದುವೆಯ ಕಾಗದದಲ್ಲಿ ಆಕೆಯ ಹೆಸರು ಮರಿಯಾ ಎವಾ ದುವಾರ್ತೆ ಎಂದಿತ್ತು. ತಾಯಿಯ ಮನೆತನದ ಹೆಸರಿನಲ್ಲಿ ನೋಂದಾಯಿಸಿದ್ದ ಹಳೆಯ ಜನನಪತ್ರ ಮಾಯವಾಗಿ, ತಂದೆಯ ಹೆಸರು ಹೊತ್ತ ಹೊಸದೊಂದು ಸೃಷ್ಟಿಯಾಗಿತ್ತು.

ಅಧಿಕಾರದ ಆರು ವರ್ಷಗಳನ್ನು ಚಿಕ್ಕದಾಗಿ ಹೇಳಿ ಮುಂದುವರಿಯುತ್ತೇನೆ. ೧೯೪೭ರಲ್ಲಿ ಮಹಿಳೆಯರಿಗೆ ಮತದಾನದ ಹಕ್ಕು ಕೊಡುವ ಶಾಸನ ಆಕೆಯ ಒತ್ತಾಸೆಯಿಂದ ಅಂಗೀಕಾರವಾಯಿತು. ಅದಕ್ಕಾಗಿ ದಶಕಗಳಿಂದ ದುಡಿದ ಹಳೆಯ ಹೋರಾಟಗಾರ್ತಿಯರಿಗೆ ಸಲ್ಲಬೇಕಾದ ಗೌರವವನ್ನು ಆಕೆ ಧಾರಾಳವಾಗಿ ಹಂಚಿಕೊಂಡಳೆಂದು ಹೇಳಲಾಗದು. ೧೯೪೮ರಲ್ಲಿ ತನ್ನ ಹೆಸರಿನ ಪ್ರತಿಷ್ಠಾನವನ್ನು ಕಟ್ಟಿ ಆಸ್ಪತ್ರೆ, ಶಾಲೆ, ಅನಾಥಾಲಯ, ದಾದಿಯರ ತರಬೇತಿ ಶಾಲೆಗಳನ್ನು ನಡೆಸಿದಳು. ದಿನವೂ ಬಡವರ ಸಾಲನ್ನು ಎದುರಿಗೆ ಕೂಡಿಸಿಕೊಂಡು ಹೊಲಿಗೆ ಯಂತ್ರ, ಹಾಸಿಗೆ, ಔಷಧ, ಮನೆ ಎಂದು ಹಂಚುತ್ತ ನಡುರಾತ್ರಿ ಮೀರಿಸುತ್ತಿದ್ದಳು. ಆ ಹಣದಲ್ಲಿ ಬಲವಂತದ ವಂತಿಗೆಯೂ ಸೇರಿತ್ತು. ವಿರೋಧಿ ಪತ್ರಿಕೆಯಾದ ಲಾ ಪ್ರೆನ್ಸಾವನ್ನು ಸರಕಾರ ೧೯೫೧ರಲ್ಲಿ ಕಿತ್ತುಕೊಂಡಿತು. ಆಕೆಯನ್ನು ದೇವತೆಯೆನ್ನುವವರೊಡನೆಯೂ ರಾಕ್ಷಸಿಯೆನ್ನುವವರೊಡನೆಯೂ ನಾನು ವಾದಕ್ಕೆ ನಿಲ್ಲಲಾರೆ.

ಕಾಯಿಲೆಯ ಮೊದಲ ಸುಳಿವು ೧೯೫೦ರ ಜನವರಿಯಲ್ಲಿ. ಒಂದು ಸಮಾರಂಭದಲ್ಲಿ ಆಕೆ ಕುಸಿದಳು. ಅಪೆಂಡಿಕ್ಸ್ ಎಂದು ನಿರ್ಣಯಿಸಿ ಡಾ. ಐವಾನಿಸೆವಿಚ್ ಎಂಬ ಶಸ್ತ್ರವೈದ್ಯರು, ಅವರೇ ಆಗ ಶಿಕ್ಷಣ ಮಂತ್ರಿಗಳೂ ಹೌದು, ಅದನ್ನು ತೆಗೆದುಹಾಕಿದರು. ಅಂದೇ ಅವರಿಗೆ ಕ್ಯಾನ್ಸರಿನ ಸುಳಿವು ಸಿಕ್ಕಿತ್ತು, ಗರ್ಭಕೋಶ ತೆಗೆಸೆಂದು ಸೂಚಿಸಿದರು, ಆಕೆ ಕೆರಳಿ ನಿರಾಕರಿಸಿದಳು ಎಂಬ ಮಾತು ಪ್ರಚಾರದಲ್ಲಿದೆ. ನನಗೆ ಅದು ಅಷ್ಟಾಗಿ ನಂಬಿಕೆ ಹುಟ್ಟಿಸುವುದಿಲ್ಲ. ಆಕೆಗಿದ್ದ ರೋಗ ಗರ್ಭಕೋಶದ ಕೊರಳಿನದು. ಕೊರಳೆಂದರೆ ಗರ್ಭಕೋಶದ ಕೆಳತುದಿ, ಯೋನಿಯೊಳಕ್ಕೆ ತೆರೆದುಕೊಳ್ಳುವ ಭಾಗ. ಅದನ್ನು ಕೆಳಗಿನಿಂದ ದೀಪ ಹಿಡಿದು ನೋಡಬೇಕೇ ಹೊರತು, ಹೊಟ್ಟೆಯ ಬಲಮಗ್ಗುಲಲ್ಲಿ ಸಣ್ಣದಾಗಿ ಕೊಯ್ದು ಅಪೆಂಡಿಕ್ಸ್ ತೆಗೆಯುವವನ ಕಣ್ಣಿಗೆ ಆರಂಭದ ರೋಗ ಬೀಳುವುದು ಕಷ್ಟ.

ಆದರೆ ಅದನ್ನು ಆರಂಭದಲ್ಲೇ ಹಿಡಿಯುವ ಉಪಾಯ ಆ ಹೊತ್ತಿಗೆ ಜಗತ್ತಿಗೆ ಬಂದಾಗಿತ್ತು. ನ್ಯೂಯಾರ್ಕಿನಲ್ಲಿದ್ದ ಗ್ರೀಕ್ ವೈದ್ಯ ಪಾಪಾನಿಕೊಲಾವ್, ಕೊರಳಿನಿಂದ ಉದುರಿದ ಜೀವಕೋಶಗಳನ್ನು ಗಾಜಿನ ಮೇಲೆ ಸವರಿ ಬಣ್ಣ ಹಾಕಿ ನೋಡಿದರೆ ಕ್ಯಾನ್ಸರ್ ಗೊತ್ತಾಗುವುದೆಂದು ೧೯೪೧ರಲ್ಲಿಯೇ ಲೇಖನದಲ್ಲೂ ೧೯೪೩ರಲ್ಲಿ ಗ್ರಂಥರೂಪದಲ್ಲೂ ತೋರಿಸಿದ್ದರು. ಅದು ಊರೂರಿಗೆ ಮುಟ್ಟಲು ಇನ್ನೂ ಕಾಲ ಹಿಡಿಯಿತು. ದೇಶದ ಮೊದಲ ಮಹಿಳೆಗೂ ಮುಟ್ಟಲಿಲ್ಲ.

೧೯೫೧ರ ಆಗಸ್ಟ್ ೨೨ರಂದು ರಾಜಧಾನಿಯ ವಿಶಾಲ ಹೆದ್ದಾರಿಯಲ್ಲಿ ಲಕ್ಷಾಂತರ ಕಾರ್ಮಿಕರು ಸೇರಿ ಎವಾ ಉಪಾಧ್ಯಕ್ಷ ಸ್ಥಾನಕ್ಕೆ ನಿಲ್ಲಬೇಕೆಂದು ಹಟ ಹಿಡಿದರು. ಆಗಸ್ಟ್ ೩೧ರಂದು ಆಕೆ ರೇಡಿಯೋದಲ್ಲಿ ಆ ಸ್ಥಾನವನ್ನು ನಿರಾಕರಿಸಿದಳು. ಸೇನೆಯವರ ವಿರೋಧವೇ ಮುಖ್ಯ ಕಾರಣವೆಂದು ಬಹುಮಂದಿ ಬರೆಯುತ್ತಾರೆ. ಆದರೆ ಆ ವೇಳೆಗೆ ನೋವು, ರಕ್ತಸ್ರಾವ, ನಿತ್ರಾಣ ಆಕೆಯನ್ನು ಹಿಡಿದಿದ್ದವು. ವೈದ್ಯರು ಕೊರಳಿನಿಂದ ಚೂರು ಮಾಂಸವನ್ನು ಕತ್ತರಿಸಿ ಪರೀಕ್ಷೆಗೆ ಕಳುಹಿಸಿದರು. ಉತ್ತರ ಕ್ಯಾನ್ಸರ್ ಎಂದು ಬಂತು, ಅದೂ ಮುಂದುವರಿದದ್ದು.

ಈ ಪರೀಕ್ಷೆಯ ಕ್ರಮವನ್ನು ನಮ್ಮಲ್ಲಿ ಬಿ.ಎ. ಓದುವವರು ತಿಳಿದಿರುವುದು ಕಡಿಮೆ. ಚೂರನ್ನು ಮೊದಲು ಫಾರ್ಮಲಿನ್ ದ್ರವದಲ್ಲಿ ಹಾಕುತ್ತಾರೆ, ಕೊಳೆಯದಿರಲೆಂದು. ಆಮೇಲೆ ನೀರಿನಂಶ ತೆಗೆದು ಕರಗಿದ ಮೇಣದಲ್ಲಿ ಹುದುಗಿಸಿ ಅಚ್ಚು ಮಾಡಿ, ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ನಾಲ್ಕೈದು ಪಾಲಿನಷ್ಟು ತೆಳುವಾಗಿ ಹೆರೆಯುತ್ತಾರೆ. ಅದಕ್ಕೆ ನೇರಳೆ ಮತ್ತು ಗುಲಾಬಿ ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಡುತ್ತಾರೆ. ಆರೋಗ್ಯವಾದ ಕೊರಳಿನ ಹೊರಪದರದ ಜೀವಕೋಶಗಳು ಚಾವಣಿಯ ಹೆಂಚಿನ ಹಾಗೆ ಒಂದರ ಮೇಲೊಂದು ಅಚ್ಚುಕಟ್ಟಾಗಿರುತ್ತವೆ. ಮೇಲೆ ಹೋದಂತೆ ಚಪ್ಪಟೆಯಾಗುತ್ತವೆ. ಕ್ಯಾನ್ಸರಿನಲ್ಲಿ ಆ ಅಚ್ಚುಕಟ್ಟು ಕೆಡುತ್ತದೆ. ಜೀವಕೋಶದ ನಡುವಿನ ಬೀಜ ದಪ್ಪಗೆ ಕಪ್ಪಗೆ ಆಗುತ್ತದೆ. ತಳದ ಗಡಿಯನ್ನು ಒಡೆದು ಕೆಳಗಿನ ಮಾಂಸಕ್ಕೆ ನುಗ್ಗುತ್ತದೆ. ಇದಕ್ಕೆ ಬಯಾಪ್ಸಿ ಎನ್ನುತ್ತಾರೆ. ಗರ್ಭಕೋಶವನ್ನೇ ತೆಗೆದ ಮೇಲೂ ಇದೇ ಕೆಲಸವನ್ನು ಇಡೀ ಅಂಗದ ಮೇಲೆ ಮಾಡುತ್ತಾರೆ. ರೋಗ ಎಷ್ಟು ಆಳಕ್ಕೆ ಇಳಿದಿದೆ, ಕತ್ತರಿಸಿದ ಅಂಚಿನಲ್ಲಿ ಉಳಿದಿದೆಯೆ, ಹಾಲುರಸದ ಗಂಟುಗಳಿಗೆ ಹೋಗಿದೆಯೆ ಎಂದು ನೋಡುತ್ತಾರೆ. ಮುಂದಿನ ಚಿಕಿತ್ಸೆಯೆಲ್ಲ ಆ ಕಾಗದದ ಮೇಲೆ ನಿಲ್ಲುತ್ತದೆ.

ಎವಾಳಿಗೆ ಯಾವ ಕಾಗದವನ್ನೂ ತೋರಿಸಲಿಲ್ಲ. ಕ್ಯಾನ್ಸರ್ ಎಂಬ ಶಬ್ದ ಆಕೆಯ ಕಿವಿಗೆ ಬೀಳಬಾರದೆಂದು ಗಂಡನೂ ವೈದ್ಯರೂ ನಿಶ್ಚಯಿಸಿದರು. ಸೆಪ್ಟೆಂಬರಿನಲ್ಲಿ ಸರಕಾರದ ಪ್ರಕಟಣೆ ರಕ್ತಹೀನತೆಯೆಂದು ಹೇಳಿತು. ಗಡ್ಡೆಯನ್ನು ಕುಗ್ಗಿಸಲು ರೇಡಿಯಂ ಇಟ್ಟರು. ಆಮೇಲೆ ನ್ಯೂಯಾರ್ಕಿನ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯ ಹೆಸರಾಂತ ಶಸ್ತ್ರವೈದ್ಯ ಡಾ. ಜಾರ್ಜ್ ಪ್ಯಾಕ್ ಅವರನ್ನು ಗುಟ್ಟಾಗಿ ಕರೆಸಿಕೊಂಡರು. ಅಮೆರಿಕದ ವಿರುದ್ಧ ಘೋಷಣೆ ಹಾಕಿಯೇ ೧೯೪೬ರ ಚುನಾವಣೆ ಗೆದ್ದವನು ಪೆರೋನ್. ಈಗ ಅಲ್ಲಿಯ ವೈದ್ಯರೇ ಬೇಕಾದರು. ಪ್ಯಾಕ್ ಅವರು ಮೊದಲ ಸಲ ಬಂದು ಎವಾಳನ್ನು ಪರೀಕ್ಷಿಸಿದ್ದು ಆಕೆಗೆ ಅರಿವಳಿಕೆ ಕೊಟ್ಟ ಮೇಲೆ. ಎರಡನೆಯ ಸಲ, ೧೯೫೧ರ ನವೆಂಬರ್ ೬ರಂದು, ಅವೆಲ್ಲನೇದ ಎಂಬಲ್ಲಿ ಆಕೆಯ ಪ್ರತಿಷ್ಠಾನವೇ ಕಟ್ಟಿಸಿದ್ದ ಆಸ್ಪತ್ರೆಯಲ್ಲಿ, ಆಕೆಗೆ ಎಚ್ಚರ ತಪ್ಪಿದ ನಂತರವೇ ಒಳಗೆ ಬಂದು ಗರ್ಭಕೋಶವನ್ನು ತೆಗೆದರು. ಎಚ್ಚರವಾಗುವ ಮೊದಲು ಹೊರಟರು. ಶಸ್ತ್ರಕ್ರಿಯೆ ಮಾಡಿದವರು ತನ್ನ ದೇಶದ ಡಾ. ಫಿನೋಕಿಯೆತ್ತೋ ಎಂದೇ ಆಕೆ ನಂಬಿದ್ದಳು. ತನ್ನ ಹೊಟ್ಟೆ ಕೊಯ್ದ ಕೈ ಯಾರದೆಂಬುದು ಆಕೆಗೆ ಗೊತ್ತಾಗಲೇ ಇಲ್ಲ.

ಐದು ದಿನ ಕಳೆದು, ನವೆಂಬರ್ ೧೧ರಂದು, ಅರ್ಜೆಂಟೀನಾದ ಹೆಂಗಸರು ರಾಷ್ಟ್ರೀಯ ಚುನಾವಣೆಯಲ್ಲಿ ಮೊಟ್ಟಮೊದಲು ಮತ ಹಾಕಿದರು. ಮತಪೆಟ್ಟಿಗೆಯನ್ನು ಆಸ್ಪತ್ರೆಯ ಮಂಚದ ಬಳಿಗೆ ತಂದರು. ದಿಂಬಿಗೆ ಒರಗಿ ಕೈ ಚಾಚಿ ಚೀಟಿ ಹಾಕುತ್ತಿರುವ ಆಕೆಯ ಛಾಯಾಚಿತ್ರ ಈಗಲೂ ಸಿಗುತ್ತದೆ, ಮುಖ ಎಲುಬಾಗಿದೆ. ಆ ಚುನಾವಣೆಯಲ್ಲಿ ಆಕೆಯ ಪಕ್ಷದ ೨೩ ಮಹಿಳೆಯರು ಕೆಳಮನೆಗೂ ೬ ಮಂದಿ ಮೇಲ್ಮನೆಗೂ ಆರಿಸಿ ಬಂದರು. ನಮ್ಮ ದೇಶದ ಪ್ರಥಮ ಮಹಾಚುನಾವಣೆ ಅದೇ ತಿಂಗಳುಗಳಲ್ಲಿ, ೧೯೫೧ರ ಅಕ್ಟೋಬರಿನಿಂದ ೧೯೫೨ರ ಫೆಬ್ರವರಿವರೆಗೆ, ನಡೆಯುತ್ತಿತ್ತು. ಇಲ್ಲಿ ಸುಮಾರು ೨೮ ಲಕ್ಷ ಹೆಂಗಸರ ಹೆಸರನ್ನು ಪಟ್ಟಿಯಿಂದ ತೆಗೆಯಬೇಕಾಯಿತು. ಅವರು ಇಂಥವನ ಹೆಂಡತಿ, ಇಂಥವನ ತಾಯಿ ಎಂದು ಬರೆಸಿದ್ದರೇ ಹೊರತು ತಮ್ಮ ಸ್ವಂತ ಹೆಸರನ್ನು ಹೇಳಿರಲಿಲ್ಲ. ಅಲ್ಲಿ ತನ್ನ ಹೆಸರಿನಲ್ಲೇ ಚೀಟಿ ಹಾಕಿದ ಹೆಂಗಸಿಗೆ ತನ್ನ ರೋಗದ ಹೆಸರನ್ನು ಯಾರೂ ಹೇಳಿರಲಿಲ್ಲ.

ಹಾಗೆ ಮುಚ್ಚಿಡುವುದು ಅರ್ಜೆಂಟೀನಾದ ರಾಜಕೀಯದ ಕುಟಿಲವೊಂದೇ ಅಲ್ಲ, ಆ ಕಾಲದ ವೈದ್ಯಧರ್ಮವೇ ಹಾಗಿತ್ತು ಎಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ೧೯೬೧ರಲ್ಲಿ ಅಮೆರಿಕದಲ್ಲಿ ವೈದ್ಯರನ್ನು ವಿಚಾರಿಸಿದಾಗ ನೂರರಲ್ಲಿ ತೊಂಬತ್ತು ಮಂದಿಯಷ್ಟು ಕ್ಯಾನ್ಸರ್ ರೋಗಿಗೆ ಅದನ್ನು ತಿಳಿಸದಿರುವುದೇ ಮೇಲೆಂದರು. ೧೯೭೯ರಲ್ಲಿ ಮತ್ತೆ ಕೇಳಿದಾಗ ತೊಂಬತ್ತೇಳು ಮಂದಿ ತಿಳಿಸುವುದೇ ಸರಿಯೆಂದರು. ಹದಿನೆಂಟು ವರ್ಷಗಳಲ್ಲಿ ಒಂದು ವೃತ್ತಿಯ ಮನಸ್ಸು ಹೀಗೆ ಮಗುಚಿಕೊಂಡದ್ದು ಸಣ್ಣ ಸಂಗತಿಯಲ್ಲ.

ಇಲ್ಲಿ ನನ್ನ ದೊಡ್ಡಮ್ಮನ ಮಾತನ್ನು ತರುತ್ತೇನೆ. ನಮ್ಮ ಮನೆಯಲ್ಲಿ ಇಂಗ್ಲಿಷ್ ಓದಬಲ್ಲವರು ಬೇರೆ ಯಾರೂ ಇಲ್ಲದ್ದರಿಂದ ನಂಟರ ಆಸ್ಪತ್ರೆ ಕಾಗದಗಳೆಲ್ಲ ನನ್ನ ಬಳಿಗೆ ಬರುತ್ತವೆ. ದೊಡ್ಡಮ್ಮನಿಗೆ ಮುಟ್ಟಿನ ತೊಂದರೆ ಇತ್ತು. ಪಟ್ಟಣದ ಆಸ್ಪತ್ರೆಯೊಂದರಲ್ಲಿ ಗರ್ಭಕೋಶ ತೆಗೆಸಬೇಕು, ಇಲ್ಲವಾದರೆ ಕ್ಯಾನ್ಸರ್ ಆದೀತು ಎಂದು ಹೆದರಿಸಿದರು. ದೊಡ್ಡಪ್ಪ ಎತ್ತು ಮಾರಿ ಹಣ ಕಟ್ಟಿದರು. ತಿಂಗಳಾದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ವರದಿಯನ್ನು ತಂದು, ಒಳಗೆ ಏನಿತ್ತಂತೆ ನೋಡಿ ಹೇಳು ಎಂದರು. ಅದರಲ್ಲಿ ಕ್ರಾನಿಕ್ ಸರ್ವಿಸೈಟಿಸ್ ಎಂದಿತ್ತು. ಅಂದರೆ ಕೊರಳಿನ ಹಳೆಯ ಉರಿಯೂತ. ಎಷ್ಟೋ ಹೆಂಗಸರ ವರದಿಯಲ್ಲಿ ಕಾಣುವ ಸಾಮಾನ್ಯ ಸಂಗತಿ. ಉಳಿದದ್ದೆಲ್ಲ ಸಹಜವಾಗಿತ್ತು. ಅದನ್ನು ಹಾಗೆಯೇ ಕನ್ನಡದಲ್ಲಿ ಹೇಳಿದೆ. ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ತೆಗೆದದ್ದೇಕೆ ಎಂದರು.

ಗರ್ಭಕೋಶ ತೆಗೆಯಲು ನಿಜವಾದ ಕಾರಣಗಳು ಇಲ್ಲವೆಂದಲ್ಲ. ಗೋಡೆಯಲ್ಲಿ ಬೆಳೆಯುವ ಫೈಬ್ರಾಯ್ಡ್ ಗೆಡ್ಡೆ ದೊಡ್ಡದಾಗಿ ರಕ್ತ ನಿಲ್ಲದೆ ಹೋಗಬಹುದು; ಒಳಪದರವು ಸ್ನಾಯುವಿನೊಳಕ್ಕೆ ಬೆಳೆದು ಪ್ರತಿ ತಿಂಗಳೂ ನೋವಾಗಬಹುದು; ಹೆರಿಗೆಗಳಿಂದ ಸಡಿಲವಾಗಿ ಗರ್ಭಕೋಶ ಜಾರಬಹುದು; ಕ್ಯಾನ್ಸರ್ ಆಗಬಹುದು. ಕ್ಯಾನ್ಸರ್ ಅಲ್ಲದ ಕಡೆ ಹಲವು ವೇಳೆ ಮಾತ್ರೆಯಿಂದಲೋ ಚಿಕ್ಕ ಚಿಕಿತ್ಸೆಯಿಂದಲೋ ಗುಣವಾಗುವುದುಂಟು. ಜೊತೆಗೆ ಅಂಡಾಶಯಗಳನ್ನೂ ತೆಗೆದುಬಿಟ್ಟರೆ ಚಿಕ್ಕ ವಯಸ್ಸಿಗೇ ಮುಟ್ಟು ನಿಂತವರ ಸಂಕಟಗಳೂ ಎಲುಬಿನ ಸವಕಳಿಯೂ ಬರುತ್ತವೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ೧೫ರಿಂದ ೪೯ ವಯಸ್ಸಿನ ಭಾರತೀಯ ಸ್ತ್ರೀಯರಲ್ಲಿ ನೂರಕ್ಕೆ ಮೂವರಿಗಿಂತ ತುಸು ಹೆಚ್ಚು ಮಂದಿಗೆ ಗರ್ಭಕೋಶ ತೆಗೆದಾಗಿತ್ತು. ಎವಾಳ ವಿಷಯದಲ್ಲಿ ಕಾರಣ ಗಟ್ಟಿಯಾಗಿತ್ತು, ಬಯಾಪ್ಸಿಯ ಆಧಾರವಿತ್ತು, ಕೈ ನುರಿತದ್ದಾಗಿತ್ತು, ತಿಳಿಸುವುದೊಂದೇ ಇರಲಿಲ್ಲ. ದೊಡ್ಡಮ್ಮನಿಗೆ ತಿಳಿಸಿದ್ದು ಭಯವನ್ನು ಮಾತ್ರ. ಇವೆರಡರಲ್ಲಿ ಯಾವುದು ಕೀಳು ಎಂದು ನಮ್ಮ ತರ್ಕಶಾಸ್ತ್ರದ ಅಧ್ಯಾಪಕರು ನಿರ್ಣಯಿಸಲಿ.

ಗರ್ಭಕೋಶ ಹೋದರೂ ರೋಗ ಬಿಡಲಿಲ್ಲ. ೧೯೫೨ರ ಆರಂಭದ ತಿಂಗಳುಗಳಲ್ಲಿಯೇ ನೋವು ಮರುಕಳಿಸಿತು. ವಿಕಿರಣ ಚಿಕಿತ್ಸೆ ಕೊಟ್ಟರು. ಯುದ್ಧದ ವಿಷಾನಿಲದಿಂದ ಹುಟ್ಟಿದ ನೈಟ್ರೋಜನ್ ಮಸ್ಟರ್ಡ್ ಎಂಬ, ಆಗಿನ್ನೂ ಹೊಸದಾದ ಔಷಧವನ್ನೂ ಕೊಟ್ಟರು. ಮೇ ೧ರಂದು ಆಕೆ ಕೊನೆಯ ಬಾರಿಗೆ ಜನರೆದುರು ಮಾತನಾಡಿದಳು. ಮೇ ೭ಕ್ಕೆ ಮೂವತ್ತಮೂರು ತುಂಬಿತು. ಸಂಸತ್ತು ಆಕೆಗೆ ರಾಷ್ಟ್ರದ ಆಧ್ಯಾತ್ಮಿಕ ನಾಯಕಿಯೆಂಬ ಬಿರುದು ಕೊಟ್ಟಿತು. ಜೂನ್ ೪ರಂದು ಗಂಡನ ಎರಡನೆಯ ಪದಗ್ರಹಣ. ಆಕೆಯ ತೂಕ ನಲವತ್ತು ಕಿಲೋಗಿಂತಲೂ ಕೆಳಗಿಳಿದಿತ್ತು. ಆದರೂ ಹಟಮಾಡಿ, ನೋವಿಗೆ ಮದ್ದು ಚುಚ್ಚಿಸಿಕೊಂಡು, ಉದ್ದನೆಯ ತುಪ್ಪಳದ ಕೋಟಿನೊಳಗೆ ಮೈ ಮುಚ್ಚಿ, ತೆರೆದ ಕಾರಿನಲ್ಲಿ ನಿಂತು ಜನರಿಗೆ ಕೈಬೀಸಿದಳು. ನಿಲ್ಲಲು ಆಧಾರ ಬೇಕಾಗಿತ್ತು.

ತನಗೇನಾಗಿದೆಯೆಂದು ಆಕೆಗೆ ಕೊನೆಗೂ ಹೊಳೆಯಲಿಲ್ಲವೆ? ಹಾಗೆ ನಂಬುವುದು ನನಗೆ ಸಾಧ್ಯವಿಲ್ಲ. ವರ್ಷಗಟ್ಟಲೆ ಸಾವಿರಾರು ರೋಗಿಗಳ ಮುಖವನ್ನು ಎದುರಿಗೆ ಕೂಡಿಸಿಕೊಂಡು ನೋಡಿದವಳು, ಗಂಡನ ಮೊದಲ ಹೆಂಡತಿ ಯಾವುದರಿಂದ ಸತ್ತಳೆಂದು ಬಲ್ಲವಳು, ಕನ್ನಡಿಯಲ್ಲಿ ತನ್ನ ಮುಖವನ್ನು ಓದಲಾರದೆ ಹೋದಳೆ? ಸುತ್ತಲಿದ್ದವರು ಆಡದಿದ್ದ ಮಾತನ್ನು ತಾನೂ ಆಡದೆ ಅವರನ್ನು ಕಾಪಾಡಿದಳೆಂದೇ ನನ್ನ ಊಹೆ. ರೋಗಿಗೆ ತಿಳಿಯದಿರಲೆಂದು ಮನೆಯವರು ನಟಿಸುವುದೂ, ಮನೆಯವರು ನೊಂದಾರೆಂದು ರೋಗಿ ನಟಿಸುವುದೂ ನಮ್ಮ ಮನೆಗಳಲ್ಲಿ ಕಾಣದ ನಾಟಕವೇನಲ್ಲ. ಆಕೆಯಂತೂ ಕಸುಬಿನಿಂದಲೇ ನಟಿ.

೧೯೫೨ರ ಜುಲೈ ೨೬ರ ರಾತ್ರಿ ೮ ಗಂಟೆ ೨೫ ನಿಮಿಷಕ್ಕೆ ಎವಾ ಕಣ್ಣುಮುಚ್ಚಿದಳೆಂದು ರೇಡಿಯೋ ಸಾರಿತು.

ಗಂಡನ ಇಬ್ಬರು ಹೆಂಡಿರೂ ಒಂದೇ ಅಂಗದ ರೋಗದಿಂದ ಸತ್ತದ್ದನ್ನು ಅಂದು ವಿಧಿಯೆಂದರು. ೧೯೮೦ರ ದಶಕದ ಆರಂಭದಲ್ಲಿ ಜರ್ಮನಿಯ ಹರಾಲ್ಡ್ ತ್ಸುರ್ ಹೌಸೆನ್, ಕೊರಳಿನ ಕ್ಯಾನ್ಸರಿನ ಅಂಗಾಂಶದಲ್ಲಿ ಪಾಪಿಲೋಮಾ ಎಂಬ ವೈರಸ್ಸಿನ ಕೆಲವು ಬಗೆಗಳನ್ನು ಕಂಡುಹಿಡಿದರು. ಅದಕ್ಕಾಗಿ ೨೦೦೮ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಆ ವೈರಸ್ಸು ದಾಂಪತ್ಯದ ಸಂಪರ್ಕದಿಂದ ಹರಡುವಂಥದು. ಒಯ್ಯುವ ಗಂಡಸಿಗೆ ಬಹುಪಾಲು ಯಾವ ಲಕ್ಷಣವೂ ಕಾಣುವುದಿಲ್ಲ. ಪೆರೋನನೇ ಅದನ್ನು ಇಬ್ಬರಿಗೂ ತಂದಿರಬಹುದೆಂದು ಕೆಲವು ವೈದ್ಯರು ಊಹಿಸಿದ್ದಾರೆ. ಸಿದ್ಧಪಡಿಸುವ ದಾರಿ ಈಗಿಲ್ಲ. ೨೦೦೬ರಿಂದ ಆ ವೈರಸ್ಸಿಗೆ ಲಸಿಕೆ ಬಂದಿದೆ. ಹುಡುಗಿಯರಿಗೆ ಹದಿವಯಸ್ಸಿನ ಮೊದಲ ವರ್ಷಗಳಲ್ಲೇ ಹಾಕಿಸುವುದು ಒಳ್ಳೆಯದೆನ್ನುತ್ತಾರೆ. ನಮ್ಮ ಸಂಚಿಕೆಯನ್ನು ಓದುವವರಿಗೆ ತಂಗಿಯರಿರುತ್ತಾರಾದ್ದರಿಂದ ಇದನ್ನು ಬರೆದೆ.

ಸತ್ತ ಮೇಲೂ ಆಕೆಯ ದೇಹ ಆಕೆಯದಾಗಿ ಉಳಿಯಲಿಲ್ಲ. ಸ್ಪೇನಿನ ಡಾ. ಪೆದ್ರೋ ಆರಾ ಎಂಬವರು ಅದು ಕೆಡದಂತೆ ಸಂಸ್ಕರಿಸಿದರು. ೧೯೫೫ರಲ್ಲಿ ಸೈನ್ಯ ದಂಗೆಯೆದ್ದು ಪೆರೋನನನ್ನು ಓಡಿಸಿತು. ದೇಹವನ್ನು ಅಪಹರಿಸಿ ಬಚ್ಚಿಟ್ಟಿತು. ೧೯೫೭ರಲ್ಲಿ ಅದನ್ನು ಇಟಲಿಗೆ ಸಾಗಿಸಿ ಮಿಲಾನ್ ನಗರದ ಸ್ಮಶಾನವೊಂದರಲ್ಲಿ ಮರಿಯಾ ಮಜ್ಜಿ ಎಂಬ ಸುಳ್ಳು ಹೆಸರಿನಲ್ಲಿ ಹೂಳಿದರು. ೧೯೭೧ರಲ್ಲಿ ಹೊರತೆಗೆದು ಮ್ಯಾಡ್ರಿಡ್‌ನಲ್ಲಿದ್ದ ಪೆರೋನನಿಗೆ ಒಪ್ಪಿಸಿದರು. ಆತ ಮತ್ತೆ ಅಧ್ಯಕ್ಷನಾಗಿ ೧೯೭೪ರ ಜುಲೈಯಲ್ಲಿ ಸತ್ತನು; ಆಕೆಯ ದೇಹ ತಾಯ್ನಾಡಿಗೆ ಬಂದದ್ದು ಆ ವರ್ಷದ ಕೊನೆಯಲ್ಲಿ. ೧೯೭೬ರಿಂದ ಅದು ಬ್ಯೂನಸ್ ಐರಿಸಿನ ರೆಕೊಲೆಟಾ ಸ್ಮಶಾನದಲ್ಲಿದೆ. ಗೋರಿಯ ಬಾಗಿಲ ಮೇಲಿರುವುದು ಪೆರೋನ್ ಎಂಬ ಹೆಸರಲ್ಲ. ಸತ್ತ ದಿನ ಮುಖ ನೋಡಲು ಬೇಡಿಕೊಳ್ಳಬೇಕಾಗಿ ಬಂದ ತಂದೆಯ ಮನೆತನದ ಹೆಸರು, ದುವಾರ್ತೆ.